ಇನ್‌ವರ್ಡ್ ಆಗದ ಪತ್ರ

ಕತ್ರಿಗುಪ್ಪೆ ಒಂಬತ್ತನೇ ಕ್ರಾಸಿನ ಅನಂತರಾಮು ಅವರು ಒಂದು ಸರ್ಕಾರಿ ಇಲಾಖೆಯ ಟಪಾಲು ಶಾಖೆಯಲ್ಲಿ ಮೂವತ್ನಾಲ್ಕು ವರ್ಷ ದುಡಿದು, ಒಂದೇ ಒಂದು ಪತ್ರವನ್ನೂ ಕಳೆಯದೆ, ಒಂದೇ ಒಂದು ಪತ್ರವನ್ನೂ ಓದದೆ ನಿವೃತ್ತರಾದವರು. ಎರಡರಲ್ಲಿ ಯಾವುದು ದೊಡ್ಡ ಸಾಧನೆ ಎಂದು ಕೇಳಿದರೆ ಎರಡನೆಯದೇ ಎನ್ನುತ್ತಿದ್ದರು. ಟಪಾಲಿನವನ ಕೆಲಸವೇನು? ಬಂದ ಪತ್ರಕ್ಕೆ ಮೊಹರು ಒತ್ತುವುದು, ಇನ್‌ವರ್ಡ್ ಪುಸ್ತಕದಲ್ಲಿ ನಂಬರ್ ಹಾಕುವುದು, ಭದ್ರವಾಗಿ ಇಡುವುದು. ಅದರಲ್ಲಿ ಏನು ಬರೆದಿದೆ ಎಂದು ಇಣುಕುವವನು ಟಪಾಲಿನವನಲ್ಲ, ಪಕ್ಕದ ಮನೆಯವನು. ಈ ಮಾತನ್ನು ಅವರು ತಮ್ಮ ಕೈಕೆಳಗಿನವರಿಗೆಲ್ಲ ಮಂತ್ರೋಪದೇಶದ ಹಾಗೆ ಕಿವಿಯಲ್ಲಿ ಊದಿದ್ದರು.

ಇಂಥವರ ಮನೆಗೆ 2001ರಲ್ಲಿ ಒಂದು ಕಂಪ್ಯೂಟರ್ ಬಂತು. ಅವರ ಹೆಂಡತಿ ಗಿರಿಜಾದೇವಿಯವರ ಅಣ್ಣ ಹೊಸದು ಕೊಂಡು ಹಳೆಯದನ್ನು ತಂಗಿಯ ಮನೆಗೆ ದಾಟಿಸಿದ್ದರು. ಅದಕ್ಕೆ ಫೋನಿನ ತಂತಿ ಸಿಕ್ಕಿಸಿದರೆ ಐದು ನಿಮಿಷ ಗೊರಗೊರ ಎಂದು ಗಂಟಲು ಸರಿಮಾಡಿಕೊಂಡು ಇಂಟರ್ನೆಟ್ಟಿಗೆ ಹೋಗುತ್ತಿತ್ತು, ಔಟ್‌ಲುಕ್ ಎಕ್ಸ್‌ಪ್ರೆಸ್ ಎಂಬ ಪ್ರೋಗ್ರಾಮಿನೊಳಕ್ಕೆ ಈ-ಮೇಲುಗಳನ್ನು ತಂದು ಸುರಿಯುತ್ತಿತ್ತು. ಇಡೀ ಕ್ರಾಸಿಗೆ ಅದೊಂದೇ ಕಂಪ್ಯೂಟರು.

ಹಿಂದೆ ಬೀದಿಗೊಂದು ಫೋನಿದ್ದ ಕಾಲದಲ್ಲಿ ಜನ ಪಕ್ಕದ ಮನೆಯವರ ನಂಬರ್ ಬರೆದು ಮುಂದೆ 'ಪಿ.ಪಿ.' ಎಂದು ಹಾಕಿಕೊಳ್ಳುತ್ತಿದ್ದರಲ್ಲ, ಅದೇ ಹಕ್ಕಿನಿಂದ ಒಂಬತ್ತನೇ ಕ್ರಾಸಿನವರು ಅನಂತರಾಮು ಅವರ ಈ-ಮೇಲ್ ವಿಳಾಸವನ್ನೂ ಪಿ.ಪಿ. ಮಾಡಿಕೊಂಡರು. ಕೆಂಪರಾಜು ತನ್ನ ಹಾರ್ಡ್‌ವೇರ್ ಅಂಗಡಿಯ ಬೋರ್ಡಿನಲ್ಲಿ ಪೈಂಟ್ ಮಾಡಿಸಿ ಕೊನೆಗೆ 'ಪಿ.ಪಿ. ಅನಂತರಾಮು' ಎಂದು ಬರೆಸಿದ. ಎದುರು ಮನೆಯ ಲಕ್ಷ್ಮಿದೇವಮ್ಮನ ಮಗಳು ಸೌಮ್ಯಳ ಮದುವೆಯ ಆಮಂತ್ರಣದಲ್ಲೂ ಅದು ಅಚ್ಚಾಯಿತು. ಹೀಗೆ ಊರವರೆಲ್ಲರ ಪತ್ರ ಬಂದು ಬೀಳತೊಡಗಿದಾಗ ಅನಂತರಾಮು ಅವರಿಗೆ ನಿವೃತ್ತಿಯ ದಿನ ಕಳೆದುಹೋಗಿದ್ದ ಜೀವ ಮರಳಿ ಬಂದ ಹಾಗಾಯಿತು. ಹೊಸ ಇನ್‌ವರ್ಡ್ ಪುಸ್ತಕ ತಂದು ಗೆರೆ ಎಳೆದೇಬಿಟ್ಟರು.

ಆದರೆ ಕಂಪ್ಯೂಟರಿನ ಗಾಜಿನ ಮೇಲೆ ಮೊಹರು ಒತ್ತುವುದು ಹೇಗೆ? ಒಂದು ಸಲ ಒತ್ತಿ ನೋಡಿದರು. ಗಿರಿಜಾದೇವಿ ಸೀಮೆಎಣ್ಣೆ ಹಾಕಿ ಉಜ್ಜಬೇಕಾಯಿತು. ಆಮೇಲೆ ಒಂದು ವಾರ ತಲೆ ಕೆಡಿಸಿಕೊಂಡು ಅವರು ಕಂಡುಹಿಡಿದ ಪದ್ಧತಿ ಹೀಗಿತ್ತು. ಬಂದ ಪ್ರತಿಯೊಂದು ಮೇಲನ್ನೂ ತೆರೆಯದೆ, 'ಅಟ್ಯಾಚ್‌ಮೆಂಟ್' ಎಂಬ ಲಕೋಟೆಯೊಳಗೆ ಹಾಕಿ, ಮೇಲೆ ಇನ್‌ವರ್ಡ್ ನಂಬರ್ ಮಾತ್ರ ಬರೆದು, ತಮ್ಮ ವಿಳಾಸದಿಂದ ತಮ್ಮ ವಿಳಾಸಕ್ಕೇ ಕಳಿಸಿಕೊಳ್ಳುವುದು. ಲಕೋಟೆ ಬಂದು ತಲುಪಿದ ಮೇಲೆ ಮೂಲ ಪತ್ರವನ್ನು ಅಳಿಸಿಹಾಕುವುದು, ಏಕೆಂದರೆ ಒಂದೇ ಪತ್ರ ಎರಡು ಕಡೆ ಇದ್ದರೆ ಆಡಿಟ್‌ನವರು ಸುಮ್ಮನಿರುವುದಿಲ್ಲ. ಲಕೋಟೆಗಳನ್ನೆಲ್ಲ 'ಕಡತ' ಎಂಬ ಫೋಲ್ಡರಿಗೆ ಸೇರಿಸುವುದು. ಮೇಲುಗಳು ದಿನಾ ಬಂದು ಬೀಳುತ್ತಿದ್ದರೂ ಇದೆಲ್ಲ ನಡೆಯುವುದು ಶನಿವಾರ ಮಾತ್ರ. ಪುಸ್ತಕದಲ್ಲಿ 'ಯಾರಿಂದ' ಎಂಬ ಕಾಲಮ್ಮಿನಲ್ಲಿ 'ಹೊರಗಿನಿಂದ' ಎಂದೂ 'ವಿಷಯ' ಎಂಬ ಕಾಲಮ್ಮಿನಲ್ಲಿ 'ಪತ್ರ ಬಂದ ಬಗ್ಗೆ' ಎಂದೂ ದುಂಡಗೆ ಬರೆಯುತ್ತಿದ್ದರು. ಪತ್ರವನ್ನೇ ಓದದವರು ಬೇರೇನು ಬರೆಯಲು ಸಾಧ್ಯ?

ಇಪ್ಪತ್ತು ತಿಂಗಳಲ್ಲಿ ಸಾವಿರದ ನೂರ ನಲವತ್ತಮೂರು ಲಕೋಟೆಗಳಾದವು. ಇಡುವುದು ಇಷ್ಟು ಸೊಗಸಾಗಿ ನಡೆಯುತ್ತಿತ್ತು. ಕೊಡುವ ಪ್ರಸಂಗ ಬಂದಿರಲಿಲ್ಲ, ಅಷ್ಟೆ. ಕ್ರಾಸಿನವರಿಗೆ ವಿಳಾಸ ಬೇಕಿತ್ತೇ ಹೊರತು ಪತ್ರ ಬೇಕಿರಲಿಲ್ಲ. ಯಾರಾದರೂ ಹೋಗುತ್ತಾ ಬರುತ್ತಾ "ನಂಗೇನಾದ್ರೂ ಬಂದಿದ್ಯಾ ಸಾರ್?" ಎಂದರೆ ಇವರು "ಬಂದಿರಬೇಕು" ಎನ್ನುತ್ತಿದ್ದರು. ಕೇಳಿದವರು ಖುಷಿಯಾಗಿ ಹೋಗುತ್ತಿದ್ದರು.

ಹೀಗಿರುವಾಗ ಒಂದು ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಗುರುಸಿದ್ದ ಓಡಿಬಂದ. ಇವನು ಜಮಖಂಡಿ ಕಡೆಯ ಹುಡುಗ. ಲಕ್ಷ್ಮಿದೇವಮ್ಮನ ತಾರಸಿ ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದು ಎಂಟು ತಿಂಗಳಿಂದ ಕೆಲಸ ಹುಡುಕುತ್ತಿದ್ದ. ಕೆಲಸ ಸಿಗದಿದ್ದರೆ ಊರಿಗೆ ವಾಪಸ್ ಹೋಗಿ ಸೋದರಮಾವ ಹಣಮಪ್ಪನ ಸೈಕಲ್ ರಿಪೇರಿ ಅಂಗಡಿಯಲ್ಲಿ ಕೂರಬೇಕು. ಕರೆದುಕೊಂಡು ಹೋಗಲು ಮಾವ ಭಾನುವಾರವೇ ಬರುವವನಿದ್ದ.

"ಸರ, ನನ್ನ ಪತ್ರ ಎಲ್ಲೈತ್ರಿ?" ಗುರುಸಿದ್ದ ಏದುಸಿರು ಬಿಡುತ್ತಿದ್ದ. "ಈಗ ಕೆಲಸದ ಏಜೆನ್ಸಿಯವರಿಗೆ ಬೂತಿನಿಂದ ಫೋನ್ ಹಚ್ಚಿದ್ನಿ. ಜೆ.ಪಿ. ನಗರದ ಯಾವುದೋ ಕಂಪನಿಯವ್ರು ನನಗ ಮೇಲ್ ಹಾಕ್ಯಾರಂತ. ಇವತ್ತ ಸಂಜಿ ಐದರೊಳಗ ಉತ್ತರ ಕೊಡದಿದ್ರ ಬ್ಯಾರೇದವ್ರನ್ನ ಕರೀತಾರಂತ್ರಿ!"

"ಯಾವ ಕಂಪನಿ?"

"ಅದನ್ನ ಅವರೂ ಮರ್ತಾರ್ರಿ. ಎಲ್ಲಾ ಮೇಲ್‌ನ್ಯಾಗ ಐತಿ, ನೋಡ್ಕೋ ಅಂದು ಫೋನ್ ಇಟ್ಟುಬಿಟ್ರು."

ಅನಂತರಾಮು ಕನ್ನಡಕ ಒರೆಸಿಕೊಂಡು ಹಾಕಿಕೊಂಡರು. "ಗಾಬರಿ ಯಾಕಪ್ಪಾ? ನನ್ನ ಕೈಗೆ ಬಂದ ಪತ್ರ ಎಲ್ಲಿಗೆ ಹೋಗುತ್ತೆ? ಇನ್‌ವರ್ಡ್ ನಂಬರ್ ಹೇಳು, ಅರ್ಧ ನಿಮಿಷದಲ್ಲಿ ತೆಗೆದುಕೊಡ್ತೀನಿ."

"ನಂಬರ್ ನನಗ ಹ್ಯಾಂಗ ಗೊತ್ತಾಗ್ಬೇಕ್ರಿ?"

"ಪತ್ರದ ಮೇಲೇ ಬರೆದಿರ್ತೀನಲ್ಲಯ್ಯಾ."

ಗುರುಸಿದ್ದ ಕುರ್ಚಿ ಎಳೆದುಕೊಂಡು ತಾನೇ ಕಂಪ್ಯೂಟರಿನ ಮುಂದೆ ಕೂತ. ಆರು ವಾರದ ಕಂಪ್ಯೂಟರ್ ಕೋರ್ಸ್ ಮಾಡಿದವನು. "ಇದರಾಗ ಹುಡುಕೋ ಸೌಲತ್ತು ಇರ್ತೈತ್ರಿ," ಎಂದು 'ಕಡತ' ತೆರೆದು 'ಫೈಂಡ್' ಒತ್ತಿದ. ಒಂದು ಕಿಟಕಿ ತೆರೆಯಿತು. ಯಾರಿಂದ, ಯಾರಿಗೆ, ವಿಷಯವೇನು, ಒಳಗೇನಿದೆ ಎಂದು ನಾಲ್ಕು ಖಾನೆ.

ಅನಂತರಾಮು ಅವರಿಗೆ ಅದನ್ನು ನೋಡಿ ತುಂಬ ಗೌರವ ಬಂತು. ನಮ್ಮ ಇನ್‌ವರ್ಡ್ ಪುಸ್ತಕದ ಕಾಲಮ್ಮುಗಳನ್ನೇ ಇಟ್ಟಿದ್ದಾರಲ್ಲ ಎಂದುಕೊಂಡರು.

ಯಾರಿಂದ ಎಂದು ಹುಡುಕಿದರೆ ಸಾವಿರದ ನೂರ ನಲವತ್ತಮೂರೂ ಅನಂತರಾಮು ಅವರಿಂದಲೇ. ಯಾರಿಗೆ ಎಂದರೆ ಅಷ್ಟೂ ಅನಂತರಾಮು ಅವರಿಗೇ. ವಿಷಯ ಎಂದರೆ ಬರೀ ನಂಬರು. ಒಳಗೆ 'ಇಂಟರ್‌ವ್ಯೂ' ಎಂಬ ಮಾತಿದೆಯೇ ಎಂದು ಕೇಳಿದರೆ ಕಂಪ್ಯೂಟರು ಅಲ್ಲಾಡದೆ ಕೂತು ಯೋಚಿಸಿ, ಒಂದೂ ಇಲ್ಲ ಎಂದಿತು.

"ಅದು ಹ್ಯಾಂಗ್ರಿ ಒಂದೂ ಇಲ್ಲ?"

"ಎಲ್ಲಾ ಲಕೋಟೆ ಒಳಗೆ ಭದ್ರವಾಗಿದೆಯಲ್ಲಪ್ಪಾ," ಎಂದರು ಅನಂತರಾಮು, ಹೆಮ್ಮೆಯಿಂದ. "ಕಂಪ್ಯೂಟರಿಗೂ ಕಾಣೋದಿಲ್ಲ."

ಇಷ್ಟರಲ್ಲಿ ಗಿರಿಜಾದೇವಿ ಕಾಫಿ ತಂದರು. ಗಂಡನ ಪದ್ಧತಿ ಅವರಿಗೆ ಈಗ ಮೊದಲ ಬಾರಿ ಪೂರ್ತಿ ಅರ್ಥವಾಯಿತು. "ಏನ್ರೀ, ಒಂದೂಮುಕ್ಕಾಲು ವರ್ಷದಿಂದ ನಿಮಗೆ ನೀವೇ ಕಾಗದ ಬರ್ಕೊಂಡು ಕೂತಿದೀರಾ?"

"ನಿನಗೆ ಆಡಳಿತ ಗೊತ್ತಾಗಲ್ಲ. ಸುಮ್ಮನಿರು."

ಗುರುಸಿದ್ದ ತಾರೀಖಿನ ಮೇಲೆ ಹುಡುಕಿದ. ಹೋದ ಶನಿವಾರದ ಲಕೋಟೆಗಳು ಅರವತ್ತೊಂದು. "ಅರವತ್ತೊಂದ ತಾನ, ಒಂದೊಂದ ತಗದು ನೋಡಿಬಿಡೂಣ್ರಿ," ಎಂದು ಕೈ ಹಾಕಿದ. ಅನಂತರಾಮು ಅವನ ಕೈಯಿಂದ ಮೌಸನ್ನು ಕಿತ್ತುಕೊಂಡರು.

"ಇನ್ನೊಬ್ಬರ ಪತ್ರ ಒಡೆಯೋದಾ? ನಾನು ಬದುಕಿರೋವರೆಗೆ ಆಗಲ್ಲ."

"ನನ್ನದಷ್ಟ ತಗೀತೀನ್ರಿ ಸರ!"

"ಯಾವುದು ನಿನ್ನದು?"

"ಅದು ತಗದ ಮ್ಯಾಲೇ ಗೊತ್ತಾಗೂದ್ರಿ!"

"ನಿನ್ನದು ಅಂತ ಗೊತ್ತಾದ ಮೇಲೆ ತೆಗೆಯಬಹುದು."

ಈ ವಾದ ಮಧ್ಯಾಹ್ನ ಒಂದೂವರೆಯವರೆಗೆ ನಡೆಯಿತು. ಧ್ವನಿ ಬೀದಿಗೆ ಕೇಳಿ ಕೆಂಪರಾಜು ಅಂಗಡಿ ಬಿಟ್ಟು ಬಂದ, ಲಕ್ಷ್ಮಿದೇವಮ್ಮ ಸೊಪ್ಪು ಬಿಡಿಸುತ್ತಿದ್ದ ಮೊರದ ಸಮೇತ ಬಂದರು. ವಿಷಯ ತಿಳಿದ ಕೂಡಲೇ ಕೆಂಪರಾಜುವಿನ ಮುಖ ಬಿಳುಚಿತು. "ಅಂದ್ರೆ ಸಾರ್, ಇದ್ರಲ್ಲಿ ನಂಗೂ ಬಂದಿರೋ ಆರ್ಡರ್ ಇರ್ಬೋದಾ?"

"ಬಂದಿರಬೇಕು."

"ನಾನು ಬೋರ್ಡಿಗೆ ಚೆನ್ನಾಗಿ ಕಾಣ್ಲಿ ಅಂತ ಹಾಕ್ಸಿದ್ದು ಸಾರ್! ಅದಕ್ಕೆ ನಿಜವಾಗ್ಲೂ ಬರೀತಾರೆ ಅಂತ ಯಾರಿಗ್ ಗೊತ್ತಿತ್ತು?"

ಲಕ್ಷ್ಮಿದೇವಮ್ಮ ಕತ್ರಿಗುಪ್ಪೆಯ ಹಳೇ ಊರಿನವರು. ಈಗ ಕ್ರಾಸು ಇರುವ ಜಾಗದಲ್ಲಿ ಅವರ ಮನೆಯವರು ರಾಗಿ ಬೆಳೆಯುತ್ತಿದ್ದರು. ಹೊಲದ ಬದುವಿನ ಜಗಳಗಳನ್ನು ನೋಡಿದ್ದ ಆಕೆಗೆ ಇದೇನು ಮಹಾ ಅನ್ನಿಸಲಿಲ್ಲ. "ರಾಯ್ರೇ, ಓದ್ಬಾರ್ದು ಅಷ್ಟೇ ತಾನೇ ನಿಮ್ ಕಟ್ಟಳೆ? ನಂಗೆ ಇಂಗ್ಲೀಸು ಒಂದಕ್ಷರ ಬರಾಕಿಲ್ಲ. ನಾನ್ ತೆಗ್ದು ನೋಡ್ತೀನಿ, ಬುಡಿ. ಯಾರ್ ಗುಟ್ಟೂ ಆಚೆ ಓಗಾಕಿಲ್ಲ."

ಅನಂತರಾಮು ಕಣ್ಣು ಮುಚ್ಚಿ ಮೂವತ್ನಾಲ್ಕು ವರ್ಷದ ಸುತ್ತೋಲೆಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿದರು. ಇಂಗ್ಲಿಷ್ ಬಾರದವರು ಇಂಗ್ಲಿಷ್ ಪತ್ರ ತೆರೆಯಬಾರದು ಎಂದು ಎಲ್ಲೂ ಇರಲಿಲ್ಲ. ಒಪ್ಪಿದರು.

ಗುರುಸಿದ್ದ ಕ್ಯಾಲೆಂಡರಿನ ಹಾಳೆಯ ಹಿಂದೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗುಂಡಗುಂಡಗೆ ಬರೆದುಕೊಟ್ಟ. ಲಕ್ಷ್ಮಿದೇವಮ್ಮ ಅದನ್ನು ರಂಗೋಲಿ ಕಲಿಯುವವರ ಹಾಗೆ ಬೆರಳಿನಿಂದ ಮೂರು ಸಲ ತಿದ್ದಿ, ಮೊರವನ್ನು ಗಿರಿಜಾದೇವಿಯವರ ಕೈಗೆ ಕೊಟ್ಟು, ಕುರ್ಚಿಯಲ್ಲಿ ಕೂತರು. ಉಳಿದವರೆಲ್ಲ ಗೋಡೆಗೆ ಮುಖ ಮಾಡಿ ನಿಲ್ಲಬೇಕೆಂದು ಅನಂತರಾಮು ಅಪ್ಪಣೆ ಮಾಡಿದರು. ತಾವೂ ನಿಂತರು. ಇಂಗ್ಲಿಷ್ ಬಲ್ಲವರೆಲ್ಲ ಸಾಲಾಗಿ ಗೋಡೆ ನೋಡುತ್ತಾ, ಬಾರದವರೊಬ್ಬರು ಪತ್ರ ತೆಗೆಯುತ್ತಾ, ಶೋಧನೆ ಶುರುವಾಯಿತು.

"ಇದ್ರಲ್ಲಿ ಆ ಎಸ್ರಿಲ್ಲ. ಒಂದು ಎಂಗ್ಸಿನ ಚಿತ್ರ ಐತೆ. ಕತ್ತು ತುಂಬಾ ಒಡವೆ."

"ಯಾರಮ್ಮಾ ಅದು?" ಎಂದ ಕೆಂಪರಾಜು ತಿರುಗಲು ಹೋಗಿ.

"ಗೋಡೆ ನೋಡ್ರೀ!" ಎಂದು ಅನಂತರಾಮು ಗದರಿದರು.

"ಇದ್ರಲ್ಲೂ ಇಲ್ಲ. ಇದು ಉದ್ದುಕ್ಕೆ ಬರ್ದವ್ರೆ, ಯಾರೋ ಅತ್ಗೊಂಡು ಬರ್ದಂಗೈತೆ."

"ಅತ್ತಿದ್ದು ನಿಮಗೆ ಹೇಗೆ ಗೊತ್ತಾಯ್ತು?" ಎಂದರು ಗಿರಿಜಾದೇವಿ.

"ಸಾಲಿಗೊಂದೊಂದು ಕೋಲು ನಿಲ್ಸಿ ಕೆಳಗೆ ಚುಕ್ಕಿ ಇಟ್ಟವ್ರಲ್ಲಮ್ಮಾ."

ಆಕೆ ಒಂದೊಂದು ಲಕೋಟೆಗೂ ಎಂಟೊಂಬತ್ತು ನಿಮಿಷ ತೆಗೆದುಕೊಂಡರು. ಹೆಸರಿನ ಅಕ್ಷರಗಳನ್ನು ಹಾಳೆಯ ಜೊತೆ ಒಂದೊಂದಾಗಿ ತಾಳೆ ನೋಡಿ, ಇಲ್ಲವೆಂದು ಖಾತ್ರಿಯಾದ ಮೇಲೆ ಮುಚ್ಚುತ್ತಿದ್ದರು. ಮೂರು ಗಂಟೆಗೆ ಹನ್ನೊಂದಾಯಿತು. ನಾಲ್ಕೂಕಾಲಿಗೆ ಹತ್ತೊಂಬತ್ತು. ಗುರುಸಿದ್ದ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದ. ಅವನ ಭುಜ ಸಣ್ಣಗೆ ಅಲ್ಲಾಡುತ್ತಿತ್ತು. ಪಕ್ಕದಲ್ಲೇ ನಿಂತಿದ್ದ ಅನಂತರಾಮು ಅದನ್ನು ನೋಡಿದರು. ಇಷ್ಟು ವರ್ಷ ಪತ್ರಕ್ಕೆ ನಂಬರ್ ಹಾಕಿದ್ದರೇ ಹೊರತು, ಪತ್ರಕ್ಕೆ ಕಾಯುವವನ ಪಕ್ಕದಲ್ಲಿ ಅವರು ಒಮ್ಮೆಯೂ ನಿಂತಿರಲಿಲ್ಲ.

ಆಗ ಲಕ್ಷ್ಮಿದೇವಮ್ಮನ ಕೈ ತಪ್ಪಿ ಮೌಸು ಎಲ್ಲೋ ಒತ್ತಿತು. 'ಕಡತ' ಮುಚ್ಚಿ ಇನ್‌ಬಾಕ್ಸ್ ತೆರೆದುಕೊಂಡಿತು.

"ಇದ್ಯಾವ್ದೋ ಬ್ಯಾರೆ ಪಟ್ಟಿ ಬಂತು. ದಪ್ಪಕ್ಸರದಲ್ಲಿ ಏಳೆಂಟು ಕುಂತವೆ. ಅಯ್ಯ, ಮೇಲಿಂದ ಎಲ್ಡನೇದ್ರಲ್ಲಿ ಈ ಉಡ್ಗನ ಎಸ್ರೇ ಐತಲ್ಲಾ ರಾಯ್ರೇ! ಒಂದು ಆವು ಸುತ್ಗೊಂಡಂಗೆ ನಡೂಮಧ್ಯ!"

ಅನಂತರಾಮು ಗೋಡೆ ನೋಡುತ್ತಲೇ ಹೇಳಿದರು: "ಅದು ಇನ್ನೂ ಬಂದಿಲ್ಲಮ್ಮ."

"ಇಲ್ಲೇ ಐತಲ್ಲಾ ಸೋಮಿ!"

"ಇನ್‌ವರ್ಡ್ ಆಗದ ಪತ್ರ ಬಂದ ಹಾಗಲ್ಲ. ಅದೆಲ್ಲಾ ಈ ವಾರ ಬಿದ್ದಿರೋದು, ನಾಳೆ ಶನಿವಾರ ಬರುತ್ತೆ."

ಕೆಂಪರಾಜು, ಗಿರಿಜಾದೇವಿ, ಗುರುಸಿದ್ದ, ಮೂವರೂ ಗೋಡೆ ಬಿಟ್ಟು ಅವರ ಕಡೆ ತಿರುಗಿದರು. ಆ ಮೂರು ಮುಖಗಳನ್ನು ನೋಡಿದ ಮೇಲೆ ಅನಂತರಾಮು ಅವರಿಗೂ ತಾವು ಹೇಳಿದ ಮಾತು ಕೇಳಿಸಿತು. ಗಡಿಯಾರದಲ್ಲಿ ನಾಲ್ಕು ಮೂವತ್ತಾರು. ಮುಂದಕ್ಕೆ ಬಂದು ತಾವೇ ಮೌಸು ಹಿಡಿದರು. ತೆರೆದರು. ಓದಿದರು. ಗಟ್ಟಿಯಾಗಿ, ಎಲ್ಲರಿಗೂ ಕೇಳಿಸುವ ಹಾಗೆ ಓದಿದರು.

ನೀರಿನ ಫಿಲ್ಟರ್ ಮಾರುವ ಒಂದು ಕಂಪನಿ. ಕಚೇರಿ ಸಹಾಯಕನ ಕೆಲಸ. ಈ ಹಿಂದಿನ ನಮ್ಮ ಮೂರು ಪತ್ರಗಳಿಗೂ ನಿಮ್ಮಿಂದ ಉತ್ತರ ಬಂದಿಲ್ಲವಾದ್ದರಿಂದ ಇದೇ ಕೊನೆಯ ಅವಕಾಶ, ಶುಕ್ರವಾರ ಐದರೊಳಗೆ ಇಂಟರ್‌ವ್ಯೂಗೆ ಒಪ್ಪಿಗೆ ತಿಳಿಸತಕ್ಕದ್ದು.

"ಮೂರು ಪತ್ರ ಬಂದಿದ್ವು ಏನ್ರಿ?" ಎಂದ ಗುರುಸಿದ್ದ.

"ಒಂದೂ ಕಳೆದಿಲ್ಲಪ್ಪಾ," ಎಂದರು ಅನಂತರಾಮು ಅಭ್ಯಾಸಬಲದಿಂದ. ಹೇಳಿ ತಲೆ ತಗ್ಗಿಸಿದರು.

ಉತ್ತರ ಬರೆದು, ಫೋನಿನ ತಂತಿ ಸಿಕ್ಕಿಸಿ, ಗೊರಗೊರವೆಲ್ಲ ಮುಗಿದು ಮೇಲ್ ಹೋದಾಗ ನಾಲ್ಕು ಐವತ್ತೆರಡು. ಹೋಯಿತು ಎಂದರೆ ಸಾಲದು, ತಲುಪಿದ್ದಕ್ಕೆ ಸ್ವೀಕೃತಿ ಬೇಕು. ಅನಂತರಾಮು ತಂತಿಯನ್ನು ಫೋನಿಗೆ ಮರಳಿ ಹಾಕಿ, ಪತ್ರದ ಕೆಳಗಿದ್ದ ಫೋನ್ ನಂಬರ್ ಒತ್ತಿದರು. ಎಲ್ಲರಿಗೂ ಕೇಳಲೆಂದು ಗಿರಿಜಾದೇವಿ ಸ್ಪೀಕರ್ ಒತ್ತಿದರು.

"ಹಲೋ, ಟಪಾಲು ವಿಭಾಗ."

ಧ್ವನಿ ಎಲ್ಲೋ ಕೇಳಿದಂತಿತ್ತು. "ಯಾರು, ಪಿಳ್ಳಣ್ಣನಾ?"

"ಗುರುಗಳೇ! ನಮಸ್ಕಾರ! ವಿಆರ್‌ಎಸ್ ತಗೊಂಡ್ಮೇಲೆ ಇಲ್ಲೇ ಸೇರ್ಕೊಂಡೆ ಸಾರ್. ನೀವು ಕಲಿಸಿದ ವಿದ್ಯೆಯಲ್ಲೇ ಅನ್ನ ತಿಂತಿದೀನಿ."

ಪಿಳ್ಳಣ್ಣ ಹನ್ನೊಂದು ವರ್ಷ ಅನಂತರಾಮು ಅವರ ಕೈಕೆಳಗೆ ಇದ್ದವನು. ಅನಂತರಾಮು ಅವರಿಗೆ ಹೋದ ಜೀವ ಬಂತು. "ಪಿಳ್ಳಣ್ಣ, ಈಗ ಒಂದು ಮೇಲ್ ಕಳಿಸಿದೀನಿ. ಗುರುಸಿದ್ದ ಅಂತ. ಬಂತಾ?"

"ಬಂದು ಕೂತಿದೆ ಸಾರ್. ಸೋಮವಾರ ನಂಬರ್ ಹಾಕ್ತೀನಿ."

"ಸೋಮವಾರ ಅಲ್ಲಯ್ಯಾ, ಈಗಲೇ ತೆಗೆದು ಮ್ಯಾನೇಜರಿಗೆ ತೋರಿಸು."

"ಇನ್‌ವರ್ಡ್ ಆಗ್ದೇನಾ?" ಪಿಳ್ಳಣ್ಣನ ಧ್ವನಿಯಲ್ಲಿ ನಿಜವಾದ ನೋವಿತ್ತು. "ಸಾರ್, ನನ್ನ ಪರೀಕ್ಷೆ ಮಾಡ್ತಿದೀರಾ? ಹೋದ್ವರ್ಷ ನಿಮ್ಮನೇಗೆ ಬಂದಾಗ ಲಕೋಟೆ ಪದ್ಧತಿ ತೋರಿಸಿದ್ರಲ್ಲ, ಒಂದಕ್ಷರ ತಪ್ದೇ ಪಾಲಿಸ್ತಿದೀನಿ. ಇವತ್ತಿನವರೆಗೆ ಒಂದು ಪತ್ರ ಓದಿಲ್ಲ ಸಾರ್, ತಾಯಾಣೆಗೂ."

"ಓದೋ ಪಿಳ್ಳಣ್ಣ!" ಅನಂತರಾಮು ಅರಚಿದರು. "ನಾನು ಹೇಳ್ತಿದೀನಿ, ಕಣ್ಣು ಬಿಟ್ಟು ಓದೋ!"

"ಹಾಗಾದ್ರೆ ಲಿಖಿತ ಆದೇಶ ಕೊಡಿ ಸಾರ್. ಮೇಲ್ ಮಾಡಿ. ಸೋಮವಾರ ನೋಡ್ತೀನಿ."

ನಾಲ್ಕು ಐವತ್ತಾರು. ಲಕ್ಷ್ಮಿದೇವಮ್ಮ ಫೋನಿನ ಹತ್ತಿರ ಬಗ್ಗಿದರು. "ಯಾರ್ಲಾ ಅದು ಪಿಳ್ಳ? ತಲಘಟ್ಟಪುರದ ಬೋರಣ್ಣನ ಅಳಿಯ ತಾನೇ ನೀನು? ಬೋರಣ್ಣ ನಂಗೆ ದೊಡ್ಡಪ್ಪನ ಮಗ ಕಣ್ಲಾ. ಈಗ ಆ ಕಾಗ್ದ ತಗೊಂಡೋಗಿ ನಿಮ್ ಯಜಮಾನಂಗೆ ತೋರಿಸ್ಲಿಲ್ಲ ಅಂದ್ರೆ, ನಾಳೆ ಬೆಳಿಗ್ಗೆ ನಿಮ್ಮತ್ತೆ ಗಂಟುಮೂಟೆ ಕಟ್ಕೊಂಡು ನಿನ್ ಮನೇಲಿ ಒಂದು ತಿಂಗ್ಳು ಇರೋ ಅಂಗೆ ಮಾಡ್ತೀನಿ!"

ಆ ಕಡೆ ಕುರ್ಚಿ ಹಿಂದಕ್ಕೆ ಬಿದ್ದ ಸದ್ದಾಯಿತು. ಓಡುವ ಹೆಜ್ಜೆಗಳು ಕೇಳಿಸಿದವು. ನಾಲ್ಕು ಐವತ್ತೊಂಬತ್ತಕ್ಕೆ ಹೊಸ ಧ್ವನಿ ಬಂತು.

"ಮ್ಯಾನೇಜರ್ ರವಿಕುಮಾರ ಮಾತಾಡ್ತಿರೋದು. ಏನ್ರೀ ಗುರುಸಿದ್ದ, ಮೂರು ಪತ್ರ ಹಾಕಿದ್ರೂ ಉತ್ತರ ಇಲ್ಲ. ಕೆಲಸ ಬೇಕೋ ಬೇಡ್ವೋ?"

ಗುರುಸಿದ್ದ ಬಾಯಿ ತೆರೆದ. ಅನಂತರಾಮು ಅವರ ಮುಖ ನೋಡಿ, "ಅದೂ... ನನಗ ಆರಾಮ ಇರಲಿಲ್ರಿ ಸರ," ಎಂದ.

ಅನಂತರಾಮು ಅವರಿಗೆ ತಡೆಯಲಾಗಲಿಲ್ಲ. "ತಪ್ಪು ನನ್ನದು ಸಾರ್!" ಎಂದರು. ಮೂವತ್ನಾಲ್ಕು ವರ್ಷದ ಸೇವೆಯಲ್ಲಿ ಆಡದಿದ್ದ ಮಾತು ಅದು. ಆಮೇಲೆ ನಂಬರು, ಲಕೋಟೆ, ಶನಿವಾರ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಟ್ಟರು.

ಎಲ್ಲ ಕೇಳಿಸಿಕೊಂಡ ರವಿಕುಮಾರ ವಿಚಾರಿಸಿದರು: "ನಮ್ಮ ಪಿಳ್ಳಣ್ಣನಿಗೆ ಇದನ್ನ ಕಲಿಸಿದ್ದು ನೀವೇನಾ?"

"ಹೌದು ಸಾರ್."

"ಅಯ್ಯೋ ಪುಣ್ಯಾತ್ಮ! ವರ್ಷದಿಂದ ನಮ್ಮಾಫೀಸಲ್ಲಿ ಒಂದು ಮೇಲ್ ಸಿಕ್ತಿಲ್ಲ ಕಣ್ರೀ! ಆರ್ಡರ್ ಲಕೋಟೆಲಿ, ಕಂಪ್ಲೇಂಟು ಲಕೋಟೆಲಿ. ನಮ್ಮ ಭಾವಮೈದುನನ ಮದುವೆ ಪತ್ರಿಕೆ ನಂಗೆ ಸಿಕ್ಕಿದ್ದು ಅವನ ಹೆಂಡ್ತಿ ಸೀಮಂತದ ದಿನ! ಈ ಕೆಲಸಕ್ಕೆ ಜನ ಕರೆದಿರೋದೇ ಅದಕ್ಕೆ. ಬೆಳಿಗ್ಗೆಯಿಂದ ಸಂಜೆವರೆಗೆ ಕೂತು ಪಿಳ್ಳಣ್ಣ ಇಟ್ಟಿರೋ ಮೇಲ್ ಹುಡುಕಿಕೊಡೋಕೆ ಒಬ್ಬ ಬೇಕು!"

ಗುರುಸಿದ್ದ ಫೋನಿನ ಹತ್ತಿರ ಜಿಗಿದ. "ಸರ, ನನಗ ಅನುಭವ ಐತ್ರಿ!"

"ಎಷ್ಟು ವರ್ಷ?"

ಗುರುಸಿದ್ದ ಗಡಿಯಾರ ನೋಡಿದ. "ಆರು ತಾಸು ಆತ್ರಿ. ಆದ್ರ ಪಿಳ್ಳಣ್ಣಾರ ಗುರುಗಳ ಕಡೆಯಿಂದನ ಒಂದು ಪತ್ರ ತಗಸೀನ್ರಿ."

ಲಕ್ಷ್ಮಿದೇವಮ್ಮ ಸೆರಗಿನ ತುದಿ ಬಾಯಿಗಿಟ್ಟುಕೊಂಡು ನಿಂತರು.

"ಇಂಟರ್‌ವ್ಯೂ ಬೇಡ, ಏನೂ ಬೇಡ. ಸೋಮವಾರ ಒಂಬತ್ತಕ್ಕೆ ಬಂದು ಕೆಲಸಕ್ಕೆ ಸೇರ್ಕೋ," ಎಂದರು ರವಿಕುಮಾರ. "ಅಪಾಯಿಂಟ್‌ಮೆಂಟ್ ಆರ್ಡರ್ ಈಗ್ಲೇ ಮೇಲ್ ಮಾಡಿಸ್ತೀನಿ."

"ಬೇಡ!" ಎಂದು ಇಡೀ ಕೋಣೆ ಒಟ್ಟಿಗೆ ಕೂಗಿತು. ಎಲ್ಲರಿಗಿಂತ ಜೋರಾಗಿ ಕೂಗಿದವರು ಅನಂತರಾಮು.